ನಿಂತ ತೊಟ್ಟಿಲು

ಬಾಗಿಲು ಬಡಿದ ಸದ್ದಿಗೆ ಸುವರ್ಣಾ ದಡಬಡಿಸಿ ಎದ್ದು ಕುಳಿತಳು. ಕರೆಗಂಟೆ ಇರುವ ಬಾಗಿಲನ್ನು ಅಂಗೈಯಿಂದ ಬಡಿಯುವವರು ಸುಮ್ಮನೆ ಬಂದವರಾಗಿರುವುದಿಲ್ಲ.

ಅವಳ ಗಂಡ ವಿನಾಯಕ ಚಿಲಕ ಸರಿಸಿದ. ಹೊರಗೆ ಮೆಟ್ಟಿಲ ದೀಪದಡಿ ಶಾಂತಪ್ಪ ನಿಂತಿದ್ದ. ಮೈಮೇಲೆ ದಸರೆಯ ಹೊಸ ಅಂಗಿ, ಹಣೆಯಲ್ಲಿ ವಿಭೂತಿ, ಜೇಬಿನಿಂದ ಇಣುಕುವ ಬನ್ನಿಯ ಎಲೆ. ಕಾಲಲ್ಲಿ ಮಾತ್ರ ಚಪ್ಪಲಿ ಇರಲಿಲ್ಲ.

“ಅಕ್ಕಾರ,” ಎಂದ. “ತೊಟ್ಟಿಲಾ ನಿಂತೈತ್ರಿ.”

“ಯಾರ ಮನಿ ತೊಟ್ಟಿಲಾ?” ವಿನಾಯಕ ಗಾಬರಿಯಾದ. “ಕೂಸಿಗೇನಾತು?”

ಸುವರ್ಣಾಳ ಕೈ ಆಗಲೇ ಗೋಡೆಯ ಮೊಳೆಯಲ್ಲಿ ಕಾರಿನ ಕೀಲಿಯನ್ನು ತಡಕಾಡುತ್ತಿತ್ತು.

ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿ, ಔಷಧ ಕಾರ್ಖಾನೆಗಳ ಸಾಲು ಮುಗಿಯುವಲ್ಲಿದ್ದ ಧಾನ್ಯ ಸಂಶೋಧನ ಸಂಸ್ಥೆಯಲ್ಲಿ ಆ ಯಂತ್ರದ ನಿಜವಾದ ಹೆಸರು ಶೇಕರ್. ಗಾಜಿನ ಬುಡ್ಡಿಗಳನ್ನು ಹಿಡಿದುಕೊಂಡು ಹಗಲೂ ಇರುಳೂ ಒಂದೇ ಲಯದಲ್ಲಿ ತೂಗುವುದಷ್ಟೇ ಅದರ ಕೆಲಸ. ಪ್ರಯೋಗಾಲಯದ ಸಹಾಯಕನಾದ ಶಾಂತಪ್ಪ ಒಮ್ಮೆ ಅದನ್ನು ತೊಟ್ಟಿಲು ಎಂದು ಕರೆದ. ಅಂದಿನಿಂದ ವಿಜ್ಞಾನಿಗಳ ಬಾಯಲ್ಲೂ ಅದೇ ಉಳಿಯಿತು. ಬುಡ್ಡಿಗಳಲ್ಲಿದ್ದುದು ತೊಗರಿಯ ಜೀವಕೋಶಗಳು. ನೋಡುವವರ ಕಣ್ಣಿಗೆ ತಿಳಿಹಾಲಿನಲ್ಲಿ ತೇಲುವ ಸಣ್ಣ ರವೆ. ಕಲಬುರ್ಗಿಯ ಹೊಲಗಳನ್ನು ಒಣಗಿಸುವ ನೆಟೆರೋಗಕ್ಕೆ ಸೋಲದ ಆ ಕೋಶಗಳನ್ನು ಅದೇ ಕಲಬುರ್ಗಿಯಲ್ಲಿ ಹುಟ್ಟಿದ ಸುವರ್ಣಾ ವರ್ಷಗಟ್ಟಲೆ ಸಾಕಿ ಬೆಳೆಸಿದ್ದಳು. ತೂಗುತ್ತಿರುವ ತನಕ ಅವುಗಳಿಗೆ ಗಾಳಿ. ತೂಗುವುದು ನಿಂತರೆ ತಳಕ್ಕಿಳಿದು, ಒಂದರ ಮೇಲೊಂದು ಬಿದ್ದು, ಉಸಿರುಗಟ್ಟಿ ಸಾಯುತ್ತವೆ. ಬದಲಿಗೆಂದು ಇಟ್ಟಿದ್ದ ಇನ್ನೊಂದು ಶೇಕರ್ ಶ್ರಾವಣದಲ್ಲೇ ಕೆಟ್ಟು ಮೂಲೆ ಸೇರಿತ್ತು. ಅವಳ ದುಡಿಮೆಯೆಲ್ಲ ಇದ್ದುದು ಈ ಒಂದೇ ತೊಟ್ಟಿಲಿನಲ್ಲಿ.

ಕಾರು ಮೆಹದಿಪಟ್ಟಣದ ಸೇತುವೆ ದಾಟಿತು.

“ಕರೆಂಟ್ ಹೋಗಿತ್ತೇನು ಕಾಕಾ?” ಸುವರ್ಣಾ ಕೇಳಿದಳು.

“ಇಲ್ರಿ. ಹಸರ ಮನ್ಯಾಗಿನ ಸಸಿಗೆ ನೀರ ಹಾಕಾಕ ಸಂಜೀಕ ಹೋಗಿದ್ದೆ. ಹಂಗ ಲ್ಯಾಬ್ ಒಂದೀಟು ನೋಡೂಣು ಅಂತ ಕೀಲಿ ತೆಗದೆ. ಲೈಟ್ ಹತ್ತಿದವು, ಎಸಿ ನಡದೈತಿ. ತೊಟ್ಟಿಲಾ ಒಂದ ಸುಮ್ಮ ನಿಂತೈತಿ. ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾತು, ಬಂದ್ ಇತ್ತು. ಸಿಕ್ಕ ಬಸ್ ಹತ್ತಿದೆ. ಬಟನ್ ಯಾರೋ ಕೈಲೆ ಆರಿಸ್ಯಾರ್ರಿ. ನಿಮ್ಮನ್ನ ಕೇಳದ ಮುಟ್ಟಾಕ ಧೈರ್ಯ ಆಗ್ಲಿಲ್ಲ.”

ಪ್ರಯೋಗಾಲಯದ ಬಾಗಿಲು ತೆರೆದಾಗ ಅವಳ ಎದೆಗೆ ಮೊದಲು ತಾಗಿದ್ದು ನಿಶ್ಶಬ್ದ. ಆ ಕೋಣೆಯಲ್ಲಿ ಅವಳು ನಿಶ್ಶಬ್ದವನ್ನು ಎಂದೂ ಕೇಳಿರಲಿಲ್ಲ. ಬುಡ್ಡಿಗಳು ತಮ್ಮ ತಮ್ಮ ಹಿಡಿಗಳಲ್ಲಿ ನೆಟ್ಟಗೆ ನಿಂತಿದ್ದವು. ತಳದಲ್ಲಿ ಚಹದ ಚರಟದಂಥ ಕಂದು ಗಸಿ. ಒಂದರ ಮುಚ್ಚಳ ತೆಗೆದಳು. ಹುಳಿತ ಹಿಟ್ಟಿನ ವಾಸನೆ ಮುಖಕ್ಕೆ ರಾಚಿತು. ಇನ್ನೊಂದನ್ನು ತೆಗೆಯುವ ಧೈರ್ಯ ಬರಲಿಲ್ಲ.

ಯಂತ್ರದ ಕಾಲಿಗೆ ಸುತ್ತಿದ್ದ ಚೆಂಡುಹೂವಿನ ಮಾಲೆ ಬಾಡಿತ್ತು. ಬುಡ್ಡಿಗಳ ನಡುವೆ, ತೂಗುಹಲಗೆಯ ಸರಿಮಧ್ಯದಲ್ಲಿ, ಕುಂಕುಮ ಮೆತ್ತಿದ ಒಂದು ನಿಂಬೆಹಣ್ಣು ಕೂತಿತ್ತು.

“ಶುಕ್ರವಾರ ಪೂಜಿ ಆದಮ್ಯಾಲೆ ಯಂತ್ರ ಎಲ್ಲಾ ಬಂದ್ ಮಾಡಿದ್ದು ನೀವ ಹೌದಲ್ಲೊ?” ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

“ಹೌದ್ರಿ. ಇದೊಂದು ಬಿಟ್ಟು.”

“ಹಂಗಾದ್ರ ಇದು ತಾನ ನಿಂತಿತೇನು?”

ಶಾಂತಪ್ಪ ಅವಳನ್ನು ನೋಡಿದ. ತನ್ನ ಮಗಳ ಮದುವೆಗೆ ಮೊದಲ ಕುಪ್ಪಸ ಕೊಟ್ಟವಳು, ತನ್ನನ್ನು ಕಾಕಾ ಎಂದು ಕರೆಯುವ ಒಬ್ಬಳೇ ಒಬ್ಬಳು. ಅವನು ಜೇಬಿನ ಬನ್ನಿಯ ಎಲೆಗಳನ್ನು ತೆಗೆದು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಹಬ್ಬದ ಬಂಗಾರವೆಂದು ಅವಳ ಕೈಗೆ ಕೊಡಲು ತಂದಿದ್ದು ಅದು.

*

ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಸುದ್ದಿ ಸಂಸ್ಥೆಯ ತುಂಬ ಹಬ್ಬಿತ್ತು. ನಿರ್ದೇಶಕ ಯಶವಂತ ರಾವ್ ಕೂಗಾಡುವ ಮನುಷ್ಯನಲ್ಲ. ತೊಗರಿ ಯೋಜನೆ ಕೈತಪ್ಪಿದರೆ ಸಂಸ್ಥೆಯ ಮುಖ ಉಳಿಯುವುದಿಲ್ಲ. ಸಂಜೆಯೊಳಗೆ ದೆಹಲಿಗೆ ವರದಿ ಹೋಗಬೇಕು; ವರದಿಯಲ್ಲಿ ಒಂದು ಹೆಸರು ಇರಬೇಕು.

“ಪೇರು ಕಾವಾಲಿ, ಸುವರ್ಣಗಾರು,” ಎಂದರು. ತೆಲುಗಿನಲ್ಲಿ ಅವರು ಕೇಳುತ್ತಿದ್ದುದು ಹೆಸರನ್ನೇ. “ಯಾರೇ ಆಗಲಿ. ನಾಳೆಯಿಂದ ಆ ವ್ಯಕ್ತಿ ಈ ಗೇಟಿನ ಒಳಗೆ ಕಾಲಿಡಬಾರದು. ಹೆಸರು ಸಿಗದಿದ್ದರೆ, ಪೂಜೆ ಮಾಡಿ ಯಂತ್ರಗಳನ್ನು ಆರಿಸಿದವನು ಶಾಂತಪ್ಪ. ಅವನ ಹೆಸರನ್ನೇ ಬರೆಯುತ್ತೇನೆ.”

ಶಾಂತಪ್ಪ ಗುತ್ತಿಗೆಯ ಆಳು. ಅವನನ್ನು ತೆಗೆಯಲು ನೋಟೀಸೂ ಬೇಡ, ಕಾರಣವೂ ಬೇಡ. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದು, ಇದೇ ಪ್ರಯೋಗಾಲಯದ ಗೋಡೆಗೆ ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಅದರೊಳಗೇ ಕೆಲಸಕ್ಕೆ ನಿಂತವನು. ಕಳ್ಳನೆಂದೋ ಕೇಡಿಗನೆಂದೋ ಹೆಸರು ಹೊತ್ತು ಈ ವಯಸ್ಸಿನಲ್ಲಿ ಮತ್ತೆ ಮೆಹದಿಪಟ್ಟಣದ ಕೂಲಿಯಾಳುಗಳ ನಡುವೆ ನಿಲ್ಲಬೇಕು.

ರಾತ್ರಿ ಆಡಿದ ಮಾತು ಸುವರ್ಣಾಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚತೊಡಗಿತ್ತು. ಶಾಂತಪ್ಪ ಸುಳ್ಳು ಹೇಳುವವನಲ್ಲ. ಹಾಗಾದರೆ ಯಾರು?

ಶುಕ್ರವಾರದ ಸಂಜೆಯನ್ನು ಅವಳು ನೆನಪಿನಲ್ಲಿ ಮತ್ತೆ ಹರವಿಕೊಂಡಳು. ಆಯುಧಪೂಜೆಯ ಖಂಡೇನವಮಿ ರಜೆಯ ದಿನ ಬಿದ್ದುದರಿಂದ ಒಂದು ದಿನ ಮೊದಲೇ ಯಂತ್ರಗಳಿಗೆ ಪೂಜೆ. ಮಂಗಳಾರತಿ ಆದ ಕೂಡಲೇ ಅವಳು ಸಂಸ್ಥೆಯ ಬಸ್ಸು ಹಿಡಿದು ಹೊರಟಿದ್ದಳು. ಉಳಿದವರು ಮೊಗಸಾಲೆಯಲ್ಲಿ ಚುರುಮುರಿ ತಿನ್ನುತ್ತ ನಿಂತಿದ್ದರು; ಪ್ರಯೋಗಾಲಯದ ಬಾಗಿಲು ತೆರೆದೇ ಇತ್ತು. ಕೊನೆಗೆ ಕೀಲಿ ಹಾಕಿದವನು ಮಹೇಶಕುಮಾರ.

ಮಹೇಶಕುಮಾರ ಬೀದರಿನವನು, ಅವಳದೇ ದರ್ಜೆಯ ವಿಜ್ಞಾನಿ. ತೊಗರಿ ವಿಭಾಗದ ಮುಖ್ಯಸ್ಥರ ಕುರ್ಚಿಗೆ ಇಬ್ಬರೂ ಅರ್ಜಿ ಹಾಕಿದ್ದರು. ಪೂಜೆಯೆಂದರೆ ಮೂಗು ಮುರಿಯುವ ಆಸಾಮಿ. ಅವಳು ನೇರವಾಗಿ ಅವನ ಕೋಣೆಗೆ ನುಗ್ಗಿದಳು.

“ನೀವು ಕೀಲಿ ಹಾಕೂ ಮುಂದ ತೊಟ್ಟಿಲಾ ತೂಗಾಕತ್ತಿತ್ತೋ ಇಲ್ಲೋ?”

“ನೋಡ್ಲಿಲ್ರಿ ಮೇಡಂ. ನಿಮ್ಮ ಊದಿನಕಡ್ಡಿ ಹೊಗಿಗೆ ಕಣ್ಣ ಬಿಡಾಕ ಆಗ್ಲಿಲ್ಲ. ಹೊರಗಿಂದ ಹೊರಗ ಕೀಲಿ ಜಡದೆ.”

“ಸಪ್ಪಳಾದ್ರೂ ಕೇಳಿತ್ತೇನು?”

“ಮೊಗಸಾಲ್ಯಾಗ ಮಂದಿ ಚುರುಮುರಿ ತಿನ್ನೂ ಸಪ್ಪಳದಾಗ ಯಾವ ಸಪ್ಪಳಾ ಕೇಳ್ತೈತ್ರಿ?” ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಮನಸಿನ್ಯಾಗ ಇದ್ದದ್ದು ನೇರ ಹೇಳ್ರಿ. ನಾ ಬಂದ್ ಮಾಡೀನಿ ಅಂತೀರೇನು?”

“ಬಂದ್ ಆದ್ರ ಯಾರಿಗೆ ಲಾಭ ಅಂತ ಕೇಳಾಕತ್ತೀನಿ.”

“ನನಗ ಲಾಭ. ಖರೇನ.” ಅವನು ನಕ್ಕ, ಆದರೆ ಆ ನಗೆಯಲ್ಲಿ ಗೆದ್ದವನ ಕಳೆ ಇರಲಿಲ್ಲ. “ಆದ್ರ ಆ ನಿಂಬಿಹಣ್ಣ ನೋಡೀರೇನು? ತೂಗೂ ಹಲಗಿ ಮ್ಯಾಲ ದುಂಡನ ಹಣ್ಣ ನಿಲ್ತೈತೇನ್ರಿ? ಮೊದಲ ಬಂದ್ ಮಾಡ್ಯಾರ, ಆಮ್ಯಾಲೆ ಹಣ್ಣ ಇಟ್ಟಾರ. ಕೆಡಸಾಕ ಬಂದಾಂವ ಕುಂಕುಮ ಹಚ್ಚಿ ಕೈಮುಗದು ಹೋಗ್ತಾನೇನು? ಅದು ನಂಬಿದವರ ಕೆಲಸ ಮೇಡಂ. ಈ ಕಟ್ಟಡದಾಗ ನನ್ನ ಬಿಟ್ಟು ಯಾರನರೇ ಹಿಡೀರಿ.”

ಅವನ ಮಾತಿನಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಕೇಡಿನ ಕೈ ಅಲ್ಲ, ಭಕ್ತಿಯ ಕೈ. ಆದರೆ ಭಕ್ತಿಯೆಂದ ಕೂಡಲೇ ಎಲ್ಲರ ಬೆರಳೂ ತೋರುವುದು ಒಬ್ಬನೇ ಒಬ್ಬನನ್ನು. ಮಹೇಶಕುಮಾರನನ್ನು ಬಿಡಿಸಿದ ನಿಂಬೆಹಣ್ಣು ಶಾಂತಪ್ಪನ ಕೊರಳಿಗೆ ಬಿಗಿದಿತ್ತು.

*

ಇಂಥ ಹೊತ್ತಿನಲ್ಲಿ ಅವಳಿಗೆ ಕೈಸಾ ಬೇಕಾಗಿತ್ತು.

ಕೈಸಾ ಫಿನ್ಲೆಂಡಿನ ಮಾನವಶಾಸ್ತ್ರಜ್ಞೆ. ಸುವರ್ಣಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೋಗಿದ್ದ ವರ್ಷಗಳಲ್ಲಿ ಸಿಕ್ಕ ಗೆಳತಿ. ಊಟ ಆಯಿತೇ ಎಂದು ಯಾರೂ ಕೇಳದ ಆ ನಾಡಿನಲ್ಲಿ, ಕಾಫಿ ಮೇಜಿನ ಸುತ್ತ ಎಲ್ಲರೂ ಬಾಯಿ ಹೊಲಿದುಕೊಂಡು ಕೂರುವುದನ್ನು ಕಂಡು, ತನ್ನ ಮೇಲೆ ಇವರಿಗೆಲ್ಲ ಏನೋ ಸಿಟ್ಟಿದೆ ಎಂದೇ ಸುವರ್ಣಾ ನಂಬಿದ್ದಳು. “ನಮ್ಮಲ್ಲಿ ಮೌನವೆಂದರೆ ಮುನಿಸಲ್ಲ, ಜೊತೆ,” ಎಂದು ತಿಳಿಸಿ ಹೇಳಿದವಳು ಕೈಸಾ. ಅಲ್ಲೊಮ್ಮೆ ಯಾರೋ ದುಬಾರಿ ಸೂಕ್ಷ್ಮದರ್ಶಕ ಬೀಳಿಸಿದ್ದರು. ಕಾಫಿ ಮೇಜಿನಲ್ಲಿ ‘ಯಾರು?’ ಎಂಬ ಪ್ರಶ್ನೆ ಬಂತು, ಒಬ್ಬ ಕೈ ಎತ್ತಿದ, ಇನ್ನು ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಮಾತಾಯಿತು, ಎಲ್ಲರೂ ಕಾಫಿ ಕುಡಿದು ಎದ್ದರು. ಸುವರ್ಣಾಳಿಗೆ ಆ ರಾತ್ರಿ ನಿದ್ದೆಯೇ ಬಂದಿರಲಿಲ್ಲ. ಹೆಸರು ಹೇಳಿಯೂ ಮನುಷ್ಯ ಉಳಿಯಬಹುದೆಂದು ಅವಳು ಅಂದುಕೊಂಡಿರಲೇ ಇಲ್ಲ.

ಈಗ ಕೈಸಾಳ ಸರದಿ. ಭಾರತದ ಪ್ರಯೋಗಾಲಯಗಳಲ್ಲಿ ಜನ ಹೇಗೆ ಕೆಲಸ ಮಾಡುತ್ತಾರೆಂದು ಅಧ್ಯಯನ ಮಾಡಲು ಸುವರ್ಣಾಳಿಂದ ಕಲಿತ ಹರಕು ಕನ್ನಡದೊಂದಿಗೆ ಕಳೆದ ವರ್ಷ ಬಂದು ಸಂಸ್ಥೆಯ ಅತಿಥಿಗೃಹದಲ್ಲಿ ಇಳಿದಿದ್ದಳು. ಯಂತ್ರಗಳ ಗೊಡವೆ ಅವಳದಲ್ಲ; ಅವಳ ಕಣ್ಣಿದ್ದುದು ಮನುಷ್ಯರ ಮೇಲೆ. ಹೈದರಾಬಾದ್ ಅವಳನ್ನು ಮೊದಲ ದಿನದಿಂದಲೇ ಬೆಚ್ಚಿಬೀಳಿಸತೊಡಗಿತು. ಹೆಸರು ಕೇಳಿದ ಆಟೋದವರಿಗೆ ‘ಕೈಸಾ’ ಎಂದರೆ, ಹಿಂದಿಯಲ್ಲಿ ‘ಹೇಗೆ’ ಎಂದು ವಿಚಾರಿಸಿದಳೆಂದುಕೊಂಡು, “ಠೀಕ್ ಹೂಂ ಮೇಡಂ, ಆಪ್ ಕೈಸೇ?” ಎಂದು ಅವರೇ ಕುಶಲ ಕೇಳುತ್ತಿದ್ದರು. ಕ್ಯಾಂಟೀನಿನ ಜಯಮ್ಮ ಎರಡನೆಯ ಭೇಟಿಯಲ್ಲೇ, “ಮದಿವಿ ಯಾಕ ಆಗಿಲ್ರಿ? ಯಾರರೇ ಕೈ ಕೊಟ್ರೇನು?” ಎಂದು ವಿಚಾರಿಸಿದಳು. ಸಂದರ್ಶನ ಕೊಡುತ್ತೀರಾ ಎಂದರೆ ವಿದ್ಯಾರ್ಥಿಗಳು ‘ಆಗ್ತದ ಮೇಡಂ’ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಅವಳು ಹೇಳಿದ ಗಳಿಗೆಗೆ ಬಂದು, ಕುರ್ಚಿ ಹಾಕಿಕೊಂಡು, ಖಾಲಿ ಕೋಣೆಯಲ್ಲಿ ಕಾಯುತ್ತಿದ್ದಳು. ಸುವರ್ಣಾಳ ಮನೆಗೆ ಊಟಕ್ಕೆ ಕರೆದಾಗ ಬೇಗ ಬಂದುಬಿಟ್ಟಿದ್ದಕ್ಕೆ ನಾಚಿ, ಕರೆದ ಹೊತ್ತು ಆಗುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ಮೆಹದಿಪಟ್ಟಣದ ಚೌಕದಲ್ಲಿ ರಸ್ತೆ ದಾಟಲು ಹಸಿರು ದೀಪಕ್ಕೆ ಕಾದು ಕಾದು, ಕೊನೆಗೆ ರೈತು ಬಜಾರಿನ ಸೊಪ್ಪಿನ ಮುದುಕಿ ಕೈ ಹಿಡಿದು ಎಳೆದುಕೊಂಡು ಹೋಗಬೇಕಾಯಿತು. “ನಮ್ಮೂರಲ್ಲಿ ಹಿಮ ಸುರಿಯುವಾಗ, ಒಂದು ಗಾಡಿಯೂ ಇಲ್ಲದಿದ್ದರೂ, ಕೆಂಪು ದೀಪ ಕಂಡರೆ ನಿಲ್ಲುತ್ತೇವೆ,” ಎಂದು ನಗುತ್ತ ಹೇಳಿಕೊಂಡಿದ್ದಳು.

ಒಂದು ಸಲ ಮಾತ್ರ ಅವಳು ನಿಜವಾಗಿ ನೊಂದಿದ್ದಳು. ಹೋದ ವರ್ಷದ ಪೂಜೆಯ ದಿನ ಮಂಗಳಾರತಿ ನಡೆದಿರುವಾಗಲೇ ಪಕ್ಕದಲ್ಲಿ ಪ್ರಿಂಟರ್ ಚಾಲೂ ಮಾಡಿ ಕಾಗದ ತೆಗೆಯುತ್ತ ನಿಂತಿದ್ದಳು. ಶಾಂತಪ್ಪ ತಟ್ಟೆ ಹಿಡಿದವನು ಹಾಗೇ ನಿಂತುಬಿಟ್ಟ. ಎಲ್ಲರೂ ನೆಲ ನೋಡಿದರು. ಸುವರ್ಣಾ ಅವಳನ್ನು ಬದಿಗೆ ಕರೆದು ಹೇಳಿದ್ದಳು: “ಇವತ್ತು ಯಂತ್ರವೇ ದೇವರು, ಕೈಸಾ. ದೇವರ ಕೈಯಿಂದ ಕೆಲಸ ಮಾಡಿಸಬಾರದು.”

“ಯಾವುದರಿಂದಲೂ?”

“ಯಾವುದರಿಂದಲೂ.”

ಮರುದಿನ ಕೈಸಾ ತಪ್ಪೊಪ್ಪಿಗೆಗೆಂದು ಶಾಂತಪ್ಪನಿಗೆ ತಾನೇ ಬೇಯಿಸಿದ ಕೇಕು ತಂದಳು. ಮೊಟ್ಟೆ ಹಾಕಿದ ಕೇಕು. ಲಿಂಗ ಕಟ್ಟಿದ ಶಾಂತಪ್ಪ ಅದನ್ನು ಎರಡೂ ಕೈಯಿಂದ ಇಸಕೊಂಡು, ಕಣ್ಣಿಗೊತ್ತಿಕೊಂಡು, ಗೇಟಿನ ಕಾವಲುಗಾರನಿಗೆ ದಾಟಿಸಿದ್ದ. ಅದೂ ಗೊತ್ತಾದಾಗ ಅವಳು ಅತ್ತೇಬಿಟ್ಟಿದ್ದಳು. ಈ ಸಲ ಅದೆಲ್ಲ ನಡೆಯಲಿಲ್ಲ. ಸೀರೆಯುಟ್ಟು, ಕುಂಕುಮವಿಟ್ಟು, ಶಾಂತಪ್ಪನ ಹಿಂದೆ ಹಿಂದೆಯೇ ಹೂವಿನ ಬುಟ್ಟಿ ಹಿಡಿದು ಓಡಾಡಿದ್ದಳು. “ಮೇಡಮ್ಮಾರು ನಮ್ಮ ಮನಿ ಮಗಳ ಆಗ್ಯಾರ್ರಿ,” ಎಂದು ಶಾಂತಪ್ಪ ಊರಿಗೆಲ್ಲ ಹೇಳಿದ. ಅಂದೇ ಸಂಜೆ ನಾಂಪಲ್ಲಿಯಿಂದ ರೈಲು ಹತ್ತಿ, ಬನ್ನಿ ಹಬ್ಬ ನೋಡಲು ಕಲಬುರ್ಗಿಗೆ, ಸುವರ್ಣಾಳ ತಾಯಿಯ ಮನೆಗೆ ಹೋಗಿದ್ದಳು.

ಇಂದು ಮಧ್ಯಾಹ್ನ ಅವಳು ಮರಳಿ ಬರುವವಳಿದ್ದಳು. ಹೆಸರು ಹೇಳಿದ ಮೇಲೂ ಮನುಷ್ಯ ಉಳಿಯುವ ನಾಡಿನವಳು. ಶಾಂತಪ್ಪನ ಪರವಾಗಿ ನಿರ್ದೇಶಕರ ಎದುರು ಧೈರ್ಯವಾಗಿ ನಿಲ್ಲಬಲ್ಲವಳು ಅವಳೊಬ್ಬಳೇ ಎಂದು ಸುವರ್ಣಾಳಿಗೆ ಅನಿಸಿತು. ‘ಬಂದ ಕೂಡಲೇ ಸಭೆಗೆ ಬಾ. ಶಾಂತಪ್ಪನನ್ನು ಕೆಲಸದಿಂದ ತೆಗೆಯುತ್ತಿದ್ದಾರೆ,’ ಎಂದಷ್ಟೇ ಸಂದೇಶ ಕಳಿಸಿದಳು.

*

ಸಭೆಯ ಕೋಣೆಯಲ್ಲಿ ಶಾಂತಪ್ಪ ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ. ಕುಳಿತುಕೋ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೂರುತ್ತಿರಲಿಲ್ಲ.

ಯಶವಂತ ರಾವ್ ತೆಲುಗು ಬೆರೆತ ಹಿಂದಿಯಲ್ಲಿ ಒಂದೊಂದೇ ಪ್ರಶ್ನೆ ಇಟ್ಟರು. ಪೂಜೆ ಮಾಡಿದವನು ನೀನು ತಾನೆ? ಹೌದು ಸಾಹೇಬರೆ. ನಿಂಬೆಹಣ್ಣು ತಂದವನು? ನಾನೇ. ಉಳಿದ ಯಂತ್ರಗಳನ್ನು ಆರಿಸಿದವನು? ನಾನೇ.

“ಮತ್ತೆ ಇದೊಂದನ್ನು ಯಾರು?”

“ನಾ ಅಲ್ರಿ.” ಅವನು ಸುವರ್ಣಾಳ ಕಡೆ ತಿರುಗಿದ. “ಆ ಕೂಸುಗಳ್ನ ನಾನೂ ತೂಗೀನ್ರಿ ಅಕ್ಕಾರ. ಒಮ್ಮೆ ಕರೆಂಟ್ ಹೋದಾಗ ಇಡೀ ದಿನಾ ಕೈಲೆ ತೂಗೀನಿ. ನಿಮಗೂ ಗೊತ್ತೈತಿ.”

ಗೊತ್ತಿತ್ತು. ಅವಳು ತಲೆ ತಗ್ಗಿಸಿದಳು. ಮಹೇಶಕುಮಾರ ಕೂಡ ಕಿಟಕಿಯಾಚೆ ನೋಡತೊಡಗಿದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಬೆನ್ನಿಗೆ ಚೀಲ, ಕೈಯಲ್ಲಿ ಬುತ್ತಿಯ ಗಂಟು, ಬಿಸಿಲಿಗೆ ಕೆಂಪಾದ ಮುಖ. ನಾಂಪಲ್ಲಿ ನಿಲ್ದಾಣದಿಂದ ನೇರ ಬಂದ ಕೈಸಾ ಎಲ್ಲರಿಗೂ ಕೈಮುಗಿದು ಸುವರ್ಣಾಳ ಪಕ್ಕದ ಕುರ್ಚಿಗೆ ಜಾರಿ, ಅವಳ ಅಂಗೈಗೆ ಬನ್ನಿಯ ಎಲೆ ಒತ್ತಿದಳು.

“ಏನಾಯಿತು?” ಪಿಸುಗುಟ್ಟಿದಳು.

“ನನ್ನ ಕೋಶಗಳೆಲ್ಲ ಸತ್ತವು. ಶಾಂತಪ್ಪನ ಮೇಲೆ ಹಾಕಿದ್ದಾರೆ.”

ಕೈಸಾ ಗೆಳತಿಯ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು. ಮರುಕ್ಷಣ ಎದ್ದು ನಿಂತಳು.

“ಸರ್, ಈ ಮನುಷ್ಯ ತಪ್ಪು ಮಾಡಿಲ್ಲ. ಒಂದು ವರ್ಷ ಇವರ ಹಿಂದೆ ಹಿಂದೆ ತಿರುಗಿ ಕೆಲಸ ನೋಡಿದವಳು ನಾನು,” ಎಂದಳು. ಇಂಗ್ಲಿಷಿನಲ್ಲಿ ಆಡಿದರೂ ಅವಳ ದನಿ ಎಲ್ಲರಿಗೂ ಅರ್ಥವಾಗುವಂತಿತ್ತು. “ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯಲು ಹೋಗಿ ಹೆಸರು ಮುಚ್ಚಿಡುತ್ತಾರೆ, ಆಗ ಎಲ್ಲರಿಗಿಂತ ಕೆಳಗಿರುವವನು ಬಲಿಯಾಗುತ್ತಾನೆ. ಅದು ನ್ಯಾಯವಲ್ಲ. ನಿಜವಾದ ಹೆಸರು ಹೊರಗೆ ಬರಲೇಬೇಕು. ಯಾರದೇ ಆಗಿರಲಿ.”

“ನಾನೂ ಅದನ್ನೇ ಕೇಳುತ್ತಿದ್ದೇನೆ,” ಎಂದು ಯಶವಂತ ರಾವ್ ಪೆನ್ನಿನ ಮುಚ್ಚಳ ತೆಗೆದರು. “ಹೇಳುವವರು ಯಾರೂ ಇಲ್ಲವಾದರೆ, ಶಾಂತಪ್ಪ, ನೀನು ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು ಹೋಗು.”

ಮೇಜಿನ ಮೇಲೆ ಸುವರ್ಣಾಳ ಫೋನು ನಡುಗಿತು. ಅವ್ವ. ಕತ್ತರಿಸಿದಳು. ಮತ್ತೆ ನಡುಗಿತು. ಮತ್ತೆ ಕತ್ತರಿಸಿದಳು. ಮೂರನೆಯ ಸಲ ನಿರ್ದೇಶಕರೇ ಬೇಸರದಿಂದ ಕೈಬೀಸಿದರು: “ಎತ್ತಿ ಮುಗಿಸಿ.”

ಅವಳು ಕಿಟಕಿಯ ಬಳಿ ಸರಿದು ಫೋನನ್ನು ಕಿವಿಗೆ ಹಿಡಿದಳು.

“ಮುಟ್ಟಿದಳೇನವಾ ನಿನ್ನ ಗೆಳತಿ?” ತಾಯಿ ಶಿವದೇವಿಯ ದನಿ ಹಬ್ಬದ ಹುರುಪಿನಲ್ಲೇ ಇತ್ತು. “ಬುತ್ತ್ಯಾಗ ಶೇಂಗಾ ಹೋಳಿಗಿ ಇಟ್ಟೀನಿ, ತಿನ್ನಂತ ಹೇಳು.”

“ಮುಟ್ಟಿದಳವ್ವಾ. ಆಮ್ಯಾಲೆ ಮಾಡ್ತೀನಿ, ಇಲ್ಲಿ...”

“ತಡಿಯೇ, ಒಂದ ಮಾತು. ನಗತಿ ನೀ. ಮೊನ್ನಿ ಖಂಡೇಪೂಜಿ ಮುಗಿಸಿ ಅಡಗಿ ಮನಿಗೆ ಬರ್ತೀನಿ, ಫ್ರಿಜ್ ಬಂದ್! ಬಟನ್ ಆರಿಸಿ, ಮ್ಯಾಲ ಇಡೀ ನಿಂಬಿಹಣ್ಣ ಇಟ್ಟು, ಕಣ್ಣ ಮುಚ್ಚಿ ಕೈಮುಗದು ನಿಂತಾಳ. ಅಯ್ಯ ನನ್ನವ್ವಾ, ಹಣ್ಣ ಹೋಳ ಮಾಡಿ ಇಡ್ತಾರ, ಇಡೀದ ಇಡಬಾರದು ಅಂದೆ. ಹಾಲ ಒಡೀತಾವ, ಫ್ರಿಜ್ ಯಾಕ ಆರಸ್ದಿ ಅಂದ್ರ ಏನಂದಳ ಗೊತ್ತೇನು? ದೇವರ ಕೈಲೆ ಕೆಲಸಾ ಮಾಡಸಬಾರದು, ನಿಮ್ಮ ಮಗಳ ಹೇಳ್ಯಾಳ, ಅಂತ! ಓಣಿ ಮಂದೆಲ್ಲಾ ಬಿದ್ದ ಬಿದ್ದ ನಕ್ಕಾರ. ನಮ್ಮ ಹುಡುಗುರಿಗೆ ಇಲ್ಲದ ನೇಮಾ ಅಕಿಗೈತಿ ನೋಡು. ಹಲೋ? ಸುವರ್ಣಾ? ಕೇಳಾಕತ್ತೀಯೇನು?”

ಸುವರ್ಣಾಳ ಕಿವಿಯಲ್ಲಿ ತಾಯಿಯ ನಗು ನಡೆದೇ ಇತ್ತು. ಕಣ್ಣೆದುರು ತೂಗುಹಲಗೆಯ ಮೇಲಿನ ನಿಂಬೆಹಣ್ಣು ಬಂತು. ಹೋಳು ಮಾಡದ, ಇಡೀ ನಿಂಬೆಹಣ್ಣು. ಹುಟ್ಟಿದಾಗಿನಿಂದ ನೋಡುತ್ತ ಬಂದ ಪೂಜೆ. ಆದರೂ ಆ ಹಣ್ಣು ಕೊಯ್ದಿಲ್ಲವೆಂಬುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಖಂಡೇಪೂಜೆಯ ದಿನ ಯಂತ್ರ ನಡೆಸಬಾರದೆಂದು ಹೇಳುವವರೆಲ್ಲ ಫ್ಯಾನಿನ ಕೆಳಗೆ ಕೂತೇ ಹೇಳುತ್ತಾರೆ. ಫ್ರಿಜ್ಜಿಗೆ ಕುಂಕುಮ ಹಚ್ಚಿದ ಕೈಯೇ ಅದರೊಳಗಿನ ಹಾಲು ತೆಗೆಯುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಸುಮ್ಮನೆ ನಡೆಯಲು ಬಿಡಬೇಕು ಎಂಬುದನ್ನು ಇಲ್ಲಿ ಯಾರಿಗೂ ಯಾರೂ ಕಲಿಸುವುದಿಲ್ಲ. ಅದು ಮನೆಯಲ್ಲಿ ಬೆಳೆಯುತ್ತ ಬರುತ್ತದೆ. ಶಾಂತಪ್ಪನಿಗೆ ಅದು ಗೊತ್ತು. ಪೂಜೆಯನ್ನು ನಂಬದ ಮಹೇಶಕುಮಾರನಿಗೂ ಗೊತ್ತು. ಹೇಳಿಸಿಕೊಂಡು ಕಲಿತವರಿಗೆ ಮಾತ್ರ ಹೇಳಿದಷ್ಟೇ ಗೊತ್ತು. ‘ಯಾವುದರಿಂದಲೂ’ ಎಂದು ಹೇಳಿಕೊಟ್ಟಿದ್ದು ತಾನೇ.

ಅವಳು ತಿರುಗಿದಳು. ಗೋಡೆಯ ಬಳಿ ಶಾಂತಪ್ಪ ಕೊರಳಿನ ಗುರುತಿನ ಚೀಟಿಯ ದಾರವನ್ನು ತಲೆಯ ಮೇಲಿಂದ ತೆಗೆಯುತ್ತಿದ್ದ. ಮೇಜಿನ ಬಳಿ, ಅವಳಿಗಾಗಿ ತೆರವಿಟ್ಟ ಕುರ್ಚಿಯ ಪಕ್ಕದಲ್ಲಿ, ನೀಲಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಧೈರ್ಯ ತುಂಬುವ, ಏನನ್ನೂ ಅರಿಯದ ಕಣ್ಣುಗಳು. ಹೇಳು, ಹೆದರಬೇಡ ಎಂಬಂತೆ ಅವು ಸಣ್ಣಗೆ ಸನ್ನೆ ಮಾಡಿದವು.

“ಪೇರು ತೆಲಿಸಿಂದಾ?” ಯಶವಂತ ರಾವ್ ಕೇಳಿದರು. ಹೆಸರು ತಿಳಿಯಿತೇ?

ಅಂಗೈಯಲ್ಲಿದ್ದ ಬನ್ನಿಯ ಎಲೆ ಬೆವರಿಗೆ ಅಂಟಿಕೊಂಡಿತ್ತು. ಸುವರ್ಣಾ ಅದನ್ನು ಮುಷ್ಟಿಯಲ್ಲಿ ಮುಚ್ಚಿದಳು.

“ತೊಟ್ಟಿಲು ನಿಲ್ಲಿಸಿದ್ದು ಕೈಸಾ.”